ಕಾಫಿ ಬಿಟ್ಟರೆ ಹೊಟ್ಟೆ ಹುಣ್ಣು ವಾಸಿಯಾಗುತ್ತಾ?

ಪ್ರಶ್ನೆ: ನನಗೆ 46 ವರ್ಷ. ಮೂಡಿಗೆರೆ ಹತ್ತಿರ ತೋಟದಲ್ಲಿ ಕೆಲಸ. ಮೂರು ತಿಂಗಳಿಂದ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ, ಎರಡು ಬಿಸ್ಕೆಟ್ ತಿಂದರೆ ಸ್ವಲ್ಪ ಕಡಿಮೆ. ಅಲ್ಸರ್ ಇರಬೇಕು, ಕಾಫಿ ಬಿಡು ಅಂದರು. ಬಿಟ್ಟು ಒಂದು ತಿಂಗಳಾಯಿತು, ನೋವು ಹಾಗೇ ಇದೆ. ಇನ್ನು ಖಾರವನ್ನೂ ಬಿಡಬೇಕಾ?

ಮಲೆನಾಡಿನಲ್ಲಿದ್ದುಕೊಂಡು ಒಂದು ತಿಂಗಳು ಕಾಫಿ ಮುಟ್ಟಿಲ್ಲ ಅಂದರೆ ನಿಮ್ಮ ಸಂಕಟ ಎಷ್ಟಿರಬೇಕು ಅಂತ ಅರ್ಥವಾಗುತ್ತದೆ. ಆದರೆ ಹುಣ್ಣು ಮಾಡುವುದು ಕಾಫಿ ಅಲ್ಲ. ಹಸಿಮೆಣಸಿನಕಾಯಿ ಚಟ್ನಿಯೂ ಅಲ್ಲ. ಇರುವ ಉರಿಯನ್ನು ಇವು ಜಾಸ್ತಿ ಮಾಡಬಹುದು, ಅಷ್ಟೆ.

ನಾನು ಡಾಕ್ಟರ್ ಅಲ್ಲ, ಮೆಡಿಕಲ್ ಶಾಪಿನ ಕೌಂಟರ್ ಹಿಂದೆ ಹತ್ತೊಂಬತ್ತು ವರ್ಷ ನಿಂತವನು. ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಒಂದು ವಿಷಯವೇ ನನಗೆ ಮೊದಲು ಕಣ್ಣಿಗೆ ಬಿತ್ತು. ಸೊಂಟನೋವಿಗೆ, ಮಂಡಿನೋವಿಗೆ ಏನು ಮಾತ್ರೆ ತಗೊಳ್ಳುತ್ತೀರಿ?

ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ಅದು ಮುಗಿಯುವಷ್ಟರಲ್ಲಿ ರೋಬಸ್ಟಾ, ಅದಾದ ಮೇಲೆ ಮೆಣಸು, ಇಳಿಜಾರಿನಲ್ಲಿ ಮೂಟೆ ಹೊತ್ತು ಹೊತ್ತು ಸೊಂಟ ಬಿದ್ದವರು ಸಂತೆ ದಿನ ಕೌಂಟರಿಗೆ ಬಂದು "ಸೊಂಟಕ್ಕೆ ನಾಲ್ಕು ಕೊಡಿ, ಹಂಗೇ ಗ್ಯಾಸಿಂದೂ ಎರಡು" ಅನ್ನುತ್ತಿದ್ದರು. ನಾನೂ ಕೊಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್, ಎಲ್ಲಾ ಒಂದೇ ಜಾತಿಯ ಮಾತ್ರೆಗಳು. ನಮ್ಮ ಹೊಟ್ಟೆ ತನ್ನದೇ ಆಮ್ಲದಿಂದ ಸುಟ್ಟುಹೋಗದ ಹಾಗೆ ಒಳಗೋಡೆಗೆ ಲೋಳೆಯ ಒಂದು ಪದರ ಇದೆ. ಆ ಪದರವನ್ನು ಕಾಯುವ ರಾಸಾಯನಿಕವೂ ನೋವು ಹುಟ್ಟಿಸುವ ರಾಸಾಯನಿಕವೂ ಒಂದೇ ಕುಟುಂಬದವು. ಮಾತ್ರೆ ಎರಡನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ನೋವು ಹೋಯಿತು, ಜೊತೆಗೆ ಹೊಟ್ಟೆಯ ಕಾವಲೂ ಹೋಯಿತು.

"ಊಟ ಆದ ಮೇಲೆ ತಗೊಂಡರೆ ಏನೂ ಆಗಲ್ಲ", "ಇಂಜೆಕ್ಷನ್ ಆದರೆ ಹೊಟ್ಟೆಗೆ ಹೋಗೋದೇ ಇಲ್ವಲ್ಲ" ಅಂತ ವಾದ ಮಾಡುವವರು ತುಂಬಾ ಜನ. ಊಟದ ಮೇಲೆ ತಗೊಂಡರೆ ಉರಿ ಕಡಿಮೆ ಅನ್ನಿಸಬಹುದು, ನಿಜ. ಆದರೆ ಈ ಔಷಧಿ ಕೆಲಸ ಮಾಡುವುದು ರಕ್ತದ ಮೂಲಕ. ಸೂಜಿಯಲ್ಲಿ ಹಾಕಿಸಿಕೊಂಡರೂ ಹೊಟ್ಟೆಯ ಗೋಡೆಗೆ ಅದೇ ಗತಿ.

ಇನ್ನೊಂದು ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ. ಆಮ್ಲದಲ್ಲಿ ಯಾವ ಕ್ರಿಮಿಯೂ ಬದುಕಲ್ಲ, ಹುಣ್ಣಿಗೆ ಟೆನ್ಷನ್ನೇ ಕಾರಣ ಅಂತ ಡಾಕ್ಟರುಗಳೇ ನಂಬಿದ್ದ ಕಾಲ ಒಂದಿತ್ತು. ಆಸ್ಟ್ರೇಲಿಯಾದ ಪರ್ತ್ ಊರಿನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅನ್ನುವ ಇಬ್ಬರು ಡಾಕ್ಟರುಗಳು ಹೊಟ್ಟೆಯೊಳಗಿನ ಈ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಲು ಹೆಣಗುತ್ತಿದ್ದರು. ಎರಡು ದಿನ ನೋಡಿ ಕ್ರಿಮಿ ಬೆಳೆಸುವ ತಟ್ಟೆ ಬಿಸಾಕುವುದು ರೂಢಿ. 1982ರಲ್ಲಿ ಈಸ್ಟರ್ ರಜೆ ಬಂತು, ತಟ್ಟೆಗಳು ಹಾಗೇ ಉಳಿದವು, ವಾಪಸ್ ಬಂದು ನೋಡಿದರೆ ಕ್ರಿಮಿ ಬೆಳೆದಿತ್ತು. ಅದಕ್ಕೆ ಬೇಕಿದ್ದದ್ದು ಇನ್ನೆರಡು ಮೂರು ದಿನ, ಅಷ್ಟೇ! ಆದರೂ ಜನ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಕ್ರಿಮಿ ಬೆಳೆಸಿದ ದ್ರವವನ್ನು ತಾವೇ ಕುಡಿದುಬಿಟ್ಟರು. ಕೆಲವೇ ದಿನದಲ್ಲಿ ವಾಂತಿ, ಹೊಟ್ಟೆ ಊತ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈ ಕ್ರಿಮಿ ಇದ್ದವರಿಗೆಲ್ಲಾ ಹುಣ್ಣಾಗುವುದಿಲ್ಲ, ಹೆಚ್ಚಿನವರಿಗೆ ಅದು ಇರುವುದೇ ಗೊತ್ತಾಗಲ್ಲ. ಸಾಮಾನ್ಯವಾಗಿ ಚಿಕ್ಕಂದಿನಲ್ಲೇ, ಮನೆಯವರಿಂದಲೇ ಬಂದು ಸೇರಿಕೊಳ್ಳುತ್ತದೆ. ಕ್ರಿಮಿಯೂ ಇದ್ದು ನೋವಿನ ಮಾತ್ರೆಯೂ ಸೇರಿದರೆ ಅಪಾಯ ಜಾಸ್ತಿ. ಬೀಡಿ ಸಿಗರೇಟ್ ಇದ್ದರೆ ಹುಣ್ಣು ಮಾಯುವುದೂ ನಿಧಾನ.

ರಾತ್ರಿ ಎಬ್ಬಿಸುವ, ತಿಂದರೆ ಇಳಿಯುವ ನೋವು ಸಣ್ಣ ಕರುಳಿನ ಶುರುವಿನಲ್ಲಿ ಆಗುವ ಹುಣ್ಣಿನ ಹಳೇ ಗುರುತು. ಆದರೆ ಇಷ್ಟರಿಂದಲೇ ಹುಣ್ಣು ಅಂತ ತೀರ್ಮಾನ ಮಾಡಬೇಡಿ. ಪಿತ್ತಕೋಶದ ಕಲ್ಲು, ಒಮ್ಮೊಮ್ಮೆ ಹೃದಯದ ನೋವು ಕೂಡ ಗ್ಯಾಸಿನ ವೇಷ ಹಾಕಿಕೊಂಡೇ ಬರುತ್ತದೆ. ಡಾಕ್ಟರಿಗೆ ತೋರಿಸಿ. ಎಂಡೋಸ್ಕೋಪಿ ಬೇಕು ಅಂದರೆ ಚಿಕ್ಕಮಗಳೂರಿಗೋ ಹಾಸನಕ್ಕೋ ಹೋಗಿ ಮಾಡಿಸಿಕೊಳ್ಳಿ. ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆದು ಸಣ್ಣ ಪೈಪ್ ಇಳಿಸುತ್ತಾರೆ, ಕೆಲವೇ ನಿಮಿಷ. ಅದರ ಹೆದರಿಕೆಗೇ ವರ್ಷಗಟ್ಟಲೆ ಸೋಡಾ, ಜೀರಿಗೆ ಕಷಾಯದಲ್ಲಿ ಕಾಲ ತಳ್ಳಿದವರನ್ನು ನೋಡಿದ್ದೇನೆ. ಕ್ರಿಮಿ ಇದೆಯಾ ಅನ್ನುವುದು ಅಲ್ಲೇ ಗೊತ್ತಾಗುತ್ತದೆ, ಮಲದ ಅಥವಾ ಉಸಿರಿನ ಪರೀಕ್ಷೆಯಿಂದಲೂ ಗೊತ್ತಾಗುತ್ತದೆ. ಗ್ಯಾಸ್ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಎರಡು ವಾರ ನಿಲ್ಲಿಸದೆ ಪರೀಕ್ಷೆ ಮಾಡಿಸಿದರೆ ಇದ್ದ ಕ್ರಿಮಿಯೂ ಇಲ್ಲ ಅಂತ ಬರಬಹುದು.

ಕ್ರಿಮಿ ಸಿಕ್ಕರೆ ಸಾಮಾನ್ಯವಾಗಿ 14 ದಿನದ ಕೋರ್ಸ್. ಎರಡು ಆಂಟಿಬಯಾಟಿಕ್, ಜೊತೆಗೆ ಆಮ್ಲ ತಗ್ಗಿಸುವ ಒಂದು ಮಾತ್ರೆ, ಕೆಲವರಿಗೆ ಬಿಸ್ಮತ್ ಅನ್ನುವ ಔಷಧಿ ಕೂಡ. ಬಾಯೆಲ್ಲಾ ಕಹಿ, ಕಬ್ಬಿಣ ನೆಕ್ಕಿದ ಹಾಗೆ. ಐದನೇ ದಿನ ಉರಿ ಹೋಯಿತು, ಇನ್ಯಾಕೆ ಸುಮ್ನೆ ಅಂತ ಬಿಟ್ಟವರು ಕೆಲವೇ ತಿಂಗಳಲ್ಲಿ ಮತ್ತೆ ಕೌಂಟರಿಗೆ ಬರುತ್ತಿದ್ದರು. ಅರ್ಧಕ್ಕೆ ಬಿಟ್ಟರೆ ಉಳಿದ ಕ್ರಿಮಿ ಆ ಔಷಧಿಗೆ ಬಗ್ಗದೆ ಹೋಗಬಹುದು. ಕೋರ್ಸ್ ಮುಗಿದು ನಾಲ್ಕು ವಾರ ಆದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕು, ಇದನ್ನು ಮಾಡಿಸುವವರು ತೀರಾ ಕಡಿಮೆ.

ಕ್ರಿಮಿ ಇಲ್ಲದೆ ಬರೀ ನೋವಿನ ಮಾತ್ರೆಯಿಂದ ಆದ ಹುಣ್ಣಾದರೆ ಆ ಮಾತ್ರೆ ನಿಲ್ಲಬೇಕು. ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಥರದ್ದನ್ನು ತಿಂಡಿಗೆ ಅರ್ಧ ಗಂಟೆ ಮೊದಲು, ನಾಲ್ಕರಿಂದ ಎಂಟು ವಾರ ಕೊಡುತ್ತಾರೆ. ಸೊಂಟನೋವಿಗೆ ಪ್ಯಾರಾಸಿಟಮಾಲ್ ಹೊಟ್ಟೆಗೆ ಸುರಕ್ಷಿತ, ಅದರಲ್ಲೂ ಮಿತಿ ಮೀರಬಾರದು. ಆದರೆ ಹೃದಯಕ್ಕೆ ಅಂತ ಡಾಕ್ಟರ್ ಬರೆದ ಆಸ್ಪಿರಿನ್ ಇದ್ದರೆ ಕೇಳದೆ ನಿಲ್ಲಿಸಬೇಡಿ. ಹುಣ್ಣು ಕರುಳಿನಲ್ಲಲ್ಲ, ಹೊಟ್ಟೆಯಲ್ಲೇ ಇದ್ದರೆ ಅದು ಕ್ಯಾನ್ಸರ್ ಅಲ್ಲ ಅಂತ ಖಚಿತ ಮಾಡಲು ಮತ್ತೆ ಪೈಪ್ ಹಾಕಿ ನೋಡುವುದುಂಟು.

ಮಲ ಟಾರಿನ ಹಾಗೆ ಕಪ್ಪಗೆ ಅಂಟಂಟಾಗಿ ಹೋದರೆ, ವಾಂತಿಯಲ್ಲಿ ರಕ್ತವೋ ಕಾಫಿ ಚರಟದಂಥದ್ದೋ ಬಂದರೆ, ಇದ್ದಕ್ಕಿದ್ದಂತೆ ತಡೆಯಲಾಗದ ನೋವು ಬಂದು ಹೊಟ್ಟೆ ಹಲಗೆಯಂತೆ ಬಿಗಿದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಕಬ್ಬಿಣದ ಮಾತ್ರೆ, ಬಿಸ್ಮತ್‌ನಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅದನ್ನು ನೀವೇ ಊಹಿಸಿಕೊಂಡು ಮನೆಯಲ್ಲಿ ಕೂರಬೇಡಿ.

ಹಾಲು ಕುಡಿದರೆ ತಣ್ಣಗಾಗುತ್ತದೆ, ನಿಜ, ಸ್ವಲ್ಪ ಹೊತ್ತು. ಆಮೇಲೆ ಅದೇ ಹಾಲು ಆಮ್ಲವನ್ನು ಜಾಸ್ತಿ ಮಾಡುತ್ತದೆ. ಕಾಫಿಯನ್ನು ತಿಂಡಿ ಆದ ಮೇಲೆ ಅರ್ಧ ಲೋಟ ಕುಡಿದು ನೋಡಿ, ಉರಿದರೆ ಹುಣ್ಣು ಮಾಯುವವರೆಗೆ ಬಿಡಿ. ಖಾರಕ್ಕೂ ಅದೇ ಲೆಕ್ಕ.

ಡಾಕ್ಟರ್ ಹತ್ತಿರ ಹೋಗುವಾಗ ಮನೆಯಲ್ಲಿರುವ ಮಾತ್ರೆ ಶೀಟುಗಳನ್ನೆಲ್ಲಾ ಒಂದು ಕವರಿಗೆ ಹಾಕಿಕೊಂಡು ಹೋಗಿ. ಹೆಸರಿಲ್ಲದ ತುಂಡು ಶೀಟುಗಳನ್ನೂ, ಪಕ್ಕದ ಮನೆಯವರು ಸೊಂಟಕ್ಕೆ ಒಳ್ಳೇದು ಅಂತ ಕೊಟ್ಟಿದ್ದನ್ನೂ.