ಪಾದ ನೆಲ ಬಿಟ್ಟರೆ ಅದು ಭರವಸೆಯೇ?

ಪ್ರಶ್ನೆ: ಚಿತ್ರದಲ್ಲಿ ಹಾರುವ ಹಕ್ಕಿಯೋ ರೆಕ್ಕೆಯುಳ್ಳ ಮನುಷ್ಯನೋ ಕಂಡರೆ ಅದನ್ನು ಭರವಸೆಯ ಸಂಕೇತವೆಂದು ವಿವರಿಸುತ್ತಾರೆ. ಈ ಅರ್ಥ ಹೇಗೆ ಬಂತು? ಪ್ರತಿಯೊಂದು ಹಾರಾಟವನ್ನೂ ಹೀಗೆಯೇ ಓದಬೇಕೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುವುದಾದರೆ, ಹಾಗೆ ಓದಬೇಕಾಗಿಲ್ಲ. ಹಾರುವ ಜೀವ ಏನನ್ನು ಬಿಟ್ಟು ಮೇಲೆದ್ದಿದೆ, ಎತ್ತ ಸಾಗಿದೆ ಎಂಬುದನ್ನು ಚಿತ್ರಕಾರ ಹೇಗೆ ತೋರಿಸಿದ್ದಾನೆ ಎನ್ನುವುದರಿಂದ ಅರ್ಥ ಹುಟ್ಟುತ್ತದೆಯೇ ಹೊರತು ಬರಿಯ ರೆಕ್ಕೆಯಿಂದಲ್ಲ.

ಇಟಲಿಯ ಪಡುವಾ ನಗರದ ಸ್ಕ್ರೊವೆನ್ಯಿ ಪ್ರಾರ್ಥನಾ ಮಂದಿರದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. 1305ರ ಸುಮಾರಿಗೆ ಚಿತ್ರಕಾರ ಜೊತ್ತೊ ಅಲ್ಲಿನ ಗೋಡೆಗಳ ಕೆಳಭಾಗದಲ್ಲಿ ಏಳು ಸದ್ಗುಣಗಳನ್ನೂ ಅವುಗಳಿಗೆ ಎದುರಾಗಿ ಏಳು ದುರ್ಗುಣಗಳನ್ನೂ, ಕಲ್ಲಿನಲ್ಲಿ ಕೆತ್ತಿದಂತೆ ತೋರುವ ಬೂದು ಛಾಯೆಗಳಲ್ಲಿ ಚಿತ್ರಿಸಿದ. ಅವುಗಳಲ್ಲಿ ಭರವಸೆಯು ರೆಕ್ಕೆಯುಳ್ಳ ಹೆಣ್ಣಾಗಿದ್ದು, ಎರಡೂ ಕೈಗಳನ್ನು ಮೇಲಿನ ಮೂಲೆಯಲ್ಲಿರುವ ಕಿರೀಟದ ಕಡೆಗೆ ಚಾಚಿ ನೆಲದಿಂದ ಮೇಲೇಳುತ್ತಿದ್ದಾಳೆ. ಎದುರು ಗೋಡೆಯ ಹತಾಶೆಯೂ ಹೆಣ್ಣೇ. ಮುಷ್ಟಿ ಬಿಗಿದು ನೇಣಿನಲ್ಲಿ ತೂಗುತ್ತಿರುವ ಅವಳ ಪಾದಗಳೂ ನೆಲವನ್ನು ಮುಟ್ಟಿಲ್ಲ. ಇಬ್ಬರೂ ನೆಲ ಬಿಟ್ಟವರೇ, ಆದರೆ ಒಬ್ಬಳ ಮೈಯಲ್ಲಿ ಏಳುವ ಚಲನೆಯಿದೆ, ಇನ್ನೊಬ್ಬಳ ಮೈಯಲ್ಲಿ ಜೋತುಬಿದ್ದ ಭಾರ ಮಾತ್ರ ಇದೆ. ಕಲ್ಲಿನಂತೆ ಕಾಣುವ ದೇಹವನ್ನೇ ಹಗುರಾಗಿಸಿ ತೋರಿಸಿದ ಈ ಜಾಣ್ಮೆಯನ್ನು ಮೀರಿಸಿದ ಭರವಸೆಯ ಚಿತ್ರ ನನ್ನ ದೃಷ್ಟಿಯಲ್ಲಿ ಇನ್ನೊಂದಿಲ್ಲ.

ಇನ್ನು ಹಕ್ಕಿಯ ವಿಚಾರ. ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ ಆದಿಕಾಲದ ಕ್ರೈಸ್ತರು ನೋಹನನ್ನೂ ಆಲಿವ್ ಚಿಗುರು ತರುವ ಪಾರಿವಾಳವನ್ನೂ ಚಿತ್ರಿಸಿದ್ದಾರೆ. ಬೈಬಲ್ಲಿನ ಜಲಪ್ರಳಯದ ಆ ಕಥೆಯಲ್ಲಿ ಪಾರಿವಾಳ ಹಾರಿಹೋದದ್ದಕ್ಕಿಂತ, ಎಲ್ಲೋ ನೆಲ ಕಂಡಿದೆಯೆಂಬ ಸುಳಿವು ಹಿಡಿದು ಮರಳಿದ್ದು ಮುಖ್ಯ. ಪಿಕಾಸೊ 1949ರಲ್ಲಿ ಪ್ಯಾರಿಸ್ಸಿನ ಶಾಂತಿ ಸಮ್ಮೇಳನದ ಭಿತ್ತಿಪತ್ರಕ್ಕೆ ಕೊಟ್ಟ ಪ್ರಸಿದ್ಧ ಪಾರಿವಾಳವಂತೂ ಹಾರುತ್ತಲೇ ಇಲ್ಲ, ನೆಲದ ಮೇಲೆ ಸುಮ್ಮನೆ ನಿಂತಿದೆ. ರೆಕ್ಕೆ ಬಿಚ್ಚಿದ ಪಾರಿವಾಳಗಳನ್ನು ಅವನು ಬರೆದದ್ದು ಆಮೇಲೆ.

ಮಾರ್ಕ್ ಶಗಾಲ್ 1918ರಲ್ಲಿ ಮುಗಿಸಿದ ಚಿತ್ರದಲ್ಲಿ ಅವನೂ ಪತ್ನಿ ಬೆಲ್ಲಾಳೂ ರೆಕ್ಕೆಯ ಹಂಗಿಲ್ಲದೆ ವಿಟೆಬ್ಸ್ಕ್ ಊರಿನ ಮೇಲೆ ತೇಲುತ್ತಾರೆ. ಕೆಳಗಿನ ಮನೆಗಳನ್ನೂ ಬೇಲಿಗಳನ್ನೂ ಅಷ್ಟು ಸಾವಧಾನವಾಗಿ ಬರೆದಿರದಿದ್ದರೆ ಆ ತೇಲುವಿಕೆಗೆ ಬಲವೇ ಇರುತ್ತಿರಲಿಲ್ಲ. ಬ್ರೂಗೆಲ್‌ನದೆಂದು ಹೆಸರಾದ, ಬ್ರಸೆಲ್ಸ್‌ನಲ್ಲಿರುವ, ಗ್ರೀಕ್ ಪುರಾಣದಲ್ಲಿ ಮೇಣದ ರೆಕ್ಕೆ ಕರಗಿ ಸಮುದ್ರಕ್ಕೆ ಬಿದ್ದ ಇಕಾರಸ್‌ನ ಚಿತ್ರದಲ್ಲಾದರೋ ಹಾರಾಟ ಮುಗಿದೇ ಹೋಗಿದೆ: ಸಮುದ್ರದಲ್ಲಿ ಮುಳುಗುತ್ತಿರುವ ಎರಡು ಕಾಲುಗಳು ಮಾತ್ರ ಕಾಣುತ್ತವೆ, ರೈತ ಉಳುತ್ತಲೇ ಇದ್ದಾನೆ.

ರೇಖಾಚಿತ್ರದಲ್ಲಿ, ದೇಹ ನೆಲ ಬಿಟ್ಟದ್ದನ್ನು ತೋರಿಸುವ ಕೆಲಸವನ್ನು ನೆರಳು ಮಾಡುತ್ತದೆ. ಪಾದಕ್ಕೂ ನೆಲದ ಮೇಲಿನ ನೆರಳಿಗೂ ನಡುವೆ ಒಂದು ಬೆರಳಷ್ಟು ಜಾಗ ಬಿಟ್ಟರೆ ಸಾಕು, ರೆಕ್ಕೆಯಿಲ್ಲದ ಆಕೃತಿಯೂ ಮೇಲೆದ್ದಂತೆ ಕಾಣುತ್ತದೆ. ನೆಲವನ್ನೂ ನೆರಳನ್ನೂ ತೆಗೆದುಬಿಟ್ಟರೆ ಏಳುವುದಕ್ಕೂ ಬೀಳುವುದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. 1941ರ ಶಸ್ತ್ರಚಿಕಿತ್ಸೆಯ ಬಳಿಕ ಬಹುಪಾಲು ಕಾಲವನ್ನು ಹಾಸಿಗೆಯಲ್ಲೂ ಗಾಲಿಕುರ್ಚಿಯಲ್ಲೂ ಕಳೆಯಬೇಕಾದ ಚಿತ್ರಕಾರ ಮತೀಸ್ ಕಾಗದ ಕತ್ತರಿಸಿ ರೂಪಿಸಿ 1947ರಲ್ಲಿ ಪ್ರಕಟಿಸಿದ ಇಕಾರಸ್ ಅಂಥವನು: ನೀಲಿಯ ನಡುವೆ, ಹಳದಿ ನಕ್ಷತ್ರಗಳ ಜೊತೆ, ಎದೆಯಲ್ಲೊಂದು ಕೆಂಪು ಚುಕ್ಕೆ ಹೊತ್ತ ಕಪ್ಪು ದೇಹ. ಅವನು ಬೀಳುತ್ತಿದ್ದಾನೋ ತೇಲುತ್ತಿದ್ದಾನೋ ಎಂಬುದನ್ನು ಮತೀಸ್ ನೋಡುವವರಿಗೇ ಬಿಟ್ಟಿದ್ದಾನೆ.