ಹಾರ್ಡ್ ಡಿಸ್ಕಿನ ಒಳಗೇ ಒಂದು ಮ್ಯಾಗ್ನೆಟ್

ಕೆಟ್ಟುಹೋದ ಹಾರ್ಡ್ ಡಿಸ್ಕ್ ಒಂದನ್ನು ಮೊನ್ನೆ ಬಿಚ್ಚಿದೆ. ಮುಚ್ಚಳ ತೆಗೆದರೆ ಕನ್ನಡಿಯಂತೆ ಹೊಳೆಯುವ ದುಂಡನೆಯ ತಟ್ಟೆ. ಅದರ ಮೇಲೆ ಚಾಚಿಕೊಂಡ ಸಪೂರ ತೋಳು. ತೋಳಿನ ಬುಡದಲ್ಲಿ ಬಾಗಿದ ಲೋಹದ ತುಂಡು. ಸ್ಕ್ರೂಡ್ರೈವರ್ ಹತ್ತಿರ ಹೋಗಿದ್ದೇ ತಡ, ಟಕ್ ಅಂತ ಅಂಟಿಕೊಂಡಿತು. ಕೀಳೋಕೆ ಎರಡೂ ಕೈ ಬೇಕಾಯಿತು.

ಅದು ನಿಯೋಡಿಮಿಯಮ್ ಅಯಸ್ಕಾಂತ. ತೋಳನ್ನು ಆಚೀಚೆ ಆಡಿಸೋದೇ ಅದರ ಕೆಲಸ. ಕಂಪ್ಯೂಟರ್ ಹತ್ತಿರ ಮ್ಯಾಗ್ನೆಟ್ ತರಬೇಡಿ, ಎಲ್ಲ ಅಳಿಸಿಹೋಗುತ್ತೆ ಅಂತ ಹಿರಿಯರು ಹೆದರಿಸಿದ್ದರು, ಅಲ್ವಾ? ಇಲ್ಲಿ ನೋಡಿದರೆ ಅಂಥದ್ದೇ ಒಂದು ತಟ್ಟೆಯ ಪಕ್ಕದಲ್ಲೇ ವರ್ಷಗಟ್ಟಲೆ ಕೂತಿತ್ತು!

ಆ ತಟ್ಟೆಯ ಮೇಲೆ ಕೋಬಾಲ್ಟ್ ಬೆರೆತ ತೆಳ್ಳನೆಯ ಪದರ ಇರುತ್ತದೆ. ಪದರದಲ್ಲಿರುವ ಕಣ್ಣಿಗೆ ಕಾಣದ ಕಾಳುಗಳು ಒಂದೊಂದೂ ಪುಟ್ಟ ಅಯಸ್ಕಾಂತವೇ. ಅವು ಯಾವ ಕಡೆ ಮುಖ ಮಾಡಿವೆ ಅನ್ನೋದರಲ್ಲೇ ನಮ್ಮ ಫೋಟೋ, ಪತ್ರ, ಲೆಕ್ಕ ಎಲ್ಲ ಅಡಗಿದೆ. ಈ ಕಾಳುಗಳು ಮಹಾ ಹಟಮಾರಿ. ಮುಖ ತಿರುಗಿಸಬೇಕಾದರೆ ಸುಮಾರು 0.5 ಟೆಸ್ಲಾ (ಕಾಂತಕ್ಷೇತ್ರ ಅಳೆಯುವ ಮಾನ) ಬಲದ ಕಾಂತಕ್ಷೇತ್ರ ಬೇಕು. ಫ್ರಿಜ್ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್‌ನದ್ದು ಸುಮಾರು 0.005 ಟೆಸ್ಲಾ, ಅಂದರೆ ನೂರರಲ್ಲಿ ಒಂದು ಪಾಲು. ಸಾಲದ್ದಕ್ಕೆ ದೂರ ಹೋದ ಹಾಗೆ ಆ ಬಲ ಬೇಗ ಸೊರಗುತ್ತದೆ. ಸ್ವಲ್ಪ ದೂರದಿಂದ ನೋಡಿದರೆ, ಅಂತರ ಎರಡು ಪಟ್ಟಾದಾಗ ಬಲ ಎಂಟನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಒಳಗಿನ ಆ ಗಟ್ಟಿ ಮ್ಯಾಗ್ನೆಟ್‌ಗೂ ಉಕ್ಕಿನ ತಗಡುಗಳ ಕಾವಲಿದೆ. ಅದರ ಕಾಂತಕ್ಷೇತ್ರ ಬಹುಪಾಲು ಆ ತಗಡುಗಳ ನಡುವೆಯೇ ಸುತ್ತುತ್ತದೆ, ತಟ್ಟೆಯ ಕಡೆ ಸೋರುವುದು ಕಡಿಮೆ.

ಹಾಗಾದರೆ ಬರೆಯೋದು ಹೇಗೆ? ಹತ್ತಿರ ಹೋಗಿ! ತೋಳಿನ ತುದಿಯಲ್ಲಿರುವ, ಓದಿ ಬರೆಯುವ ಹೆಡ್ ತಟ್ಟೆಗೆ ತಾಗದೆ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತದೆ. ನಾನು ಬಿಚ್ಚಿದ ಡಿಸ್ಕಿನಲ್ಲಿ ಕೂದಲೆಳೆಯಂಥ ಒಂದು ವೃತ್ತದ ಗೀರು ಇತ್ತು. ಹೆಡ್ ಬಡಿದು ಆದ ಗಾಯ ಅದು. ಅದನ್ನು ಕೊಂದದ್ದು ಮ್ಯಾಗ್ನೆಟ್ ಅಲ್ಲ, ಮೇಜಿನಿಂದ ಬಿದ್ದ ಪೆಟ್ಟು.

ಹಿರಿಯರ ಎಚ್ಚರಿಕೆ ಸುಮ್ನೆ ಹುಟ್ಟಿದ್ದಲ್ಲ. ಹಿಂದೆ ಬಳಸುತ್ತಿದ್ದ ಫ್ಲಾಪಿ ಡಿಸ್ಕಿನ ಕಾಳುಗಳು ಬಲು ಮೆತ್ತಗಿನವು. 0.03ರಿಂದ 0.07 ಟೆಸ್ಲಾ ಸಾಕು, ಬರೆದದ್ದು ಹೋಯಿತು. ಬ್ಯಾಂಕ್ ಕಾರ್ಡಿನಂಥ ಕಾರ್ಡುಗಳ ಬೆನ್ನಿನ ಕಪ್ಪು ಪಟ್ಟಿಯಲ್ಲೂ ಅಂಥ ಮೆತ್ತನೆಯ ಜಾತಿ ಇದೆ. ಅದನ್ನು ಈಗಲೂ ಮ್ಯಾಗ್ನೆಟ್‌ನಿಂದ ದೂರ ಇಡಬೇಕು. ಕಾರ್ಡಿನ ಚಿಪ್‌ಗೆ ಆ ಭಯ ಇಲ್ಲ.

ಪೆನ್ ಡ್ರೈವ್, ಮೆಮೊರಿ ಕಾರ್ಡ್, ಎಸ್‌ಎಸ್‌ಡಿಗಳ (ತಿರುಗುವ ತಟ್ಟೆಯ ಬದಲು ಚಿಪ್‌ಗಳಿರುವ ಡ್ರೈವ್) ಕಥೆಯೇ ಬೇರೆ. 1980ರ ದಶಕದಲ್ಲಿ ತೋಷಿಬಾ ಕಂಪನಿಯ ಫುಜಿಯೊ ಮಸುವೊಕಾ ರೂಪಿಸಿದ ಫ್ಲಾಶ್ ಮೆಮೊರಿ ಇವುಗಳ ಜೀವಾಳ. ಇಲ್ಲಿ ಬರಹ ಅಂದರೆ ಕೂಡಿಹಾಕಿದ ಎಲೆಕ್ಟ್ರಾನ್‌ಗಳು. ಗೂಡಿನಲ್ಲಿ ಸಿಕ್ಕಿಬಿದ್ದ ಅವನ್ನು ಹೊರಗೆಳೆಯೋದು ಮ್ಯಾಗ್ನೆಟ್‌ನ ಕೈಲಾಗದು.

ಈ ವ್ಯತ್ಯಾಸ ಹಳೆಯ ಡ್ರೈವ್ ಎಸೆಯುವಾಗ ಬಹಳ ಮುಖ್ಯ. ಗುಟ್ಟಿನ ಮಾಹಿತಿ ಇದ್ದ ಹಾರ್ಡ್ ಡಿಸ್ಕುಗಳನ್ನು ಡಿಗಾಸರ್ ಎಂಬ ಯಂತ್ರಕ್ಕೆ ಹಾಕುತ್ತಾರೆ. ಅದರ ಕಾಂತಕ್ಷೇತ್ರ ಎಷ್ಟು ಜಾಸ್ತಿ ಅಂದರೆ, ಬರೆದದ್ದರ ಜೊತೆಗೆ ಹೆಡ್‌ಗೆ ದಾರಿ ತೋರಿಸುವ ಗುರುತುಗಳೂ ಅಳಿಸುತ್ತವೆ. ಆ ಡಿಸ್ಕ್ ಮತ್ತೆ ಓಡೋದಿಲ್ಲ. ಎಸ್‌ಎಸ್‌ಡಿಯನ್ನು ಅದೇ ಯಂತ್ರಕ್ಕೆ ಹಾಕಿ ಅಳಿಸಿತು ಅಂತ ನಂಬಿದರೆ ಮೋಸ ಹೋಗುತ್ತೀರಿ. ಅದರ ಚಿಪ್‌ಗಳನ್ನು ಪುಡಿಪುಡಿ ಮಾಡಬೇಕು.