ಸಾವಿರ ಲಿಂಕ್ ಕೊಂಡರೆ ಗೂಗಲ್‌ನಲ್ಲಿ ಮೇಲೆ ಬರಬಹುದಾ?

ಪ್ರಶ್ನೆ: ಸೈಕಲ್ ರಿಪೇರಿ ಬಗ್ಗೆ ಒಂದು ವೆಬ್‌ಸೈಟ್ ನಡೆಸುತ್ತಿದ್ದೇನೆ. ನಲವತ್ತು ಲೇಖನ ಇವೆ. ಆದರೆ ಗೂಗಲ್‌ನಲ್ಲಿ ಮೂರನೇ ಪುಟಕ್ಕೆ ಹೋದರೂ ನನ್ನ ಸೈಟ್ ಕಾಣುವುದಿಲ್ಲ. ಬ್ಯಾಕ್‌ಲಿಂಕ್, ಅಂದರೆ ಬೇರೆ ಸೈಟ್‌ಗಳಿಂದ ನನ್ನ ಸೈಟ್‌ಗೆ ಬರುವ ಲಿಂಕ್, ಇಲ್ಲದಿರುವುದೇ ಕಾರಣ ಅಂತ ಒಬ್ಬರು ಹೇಳಿದರು. ಒಂದೇ ತಿಂಗಳಲ್ಲಿ ಸಾವಿರ ಲಿಂಕ್ ಹಾಕಿಸಿಕೊಡುತ್ತೇವೆ ಅಂತ ಮೇಲ್ ಕೂಡ ಬಂದಿದೆ. ದುಡ್ಡು ಕೊಟ್ಟು ಹಾಕಿಸಿಕೊಳ್ಳಲಾ?

ಬೇಡ. ಆ ದುಡ್ಡು ನಿಮ್ಮ ಹತ್ತಿರವೇ ಇರಲಿ. ಯಾಕೆ ಬೇಡ ಅನ್ನುತ್ತೇನೆ ಅಂತ ತಿಳಿಯಲು ಲಿಂಕ್‌ಗೆ ಬೆಲೆ ಬಂದದ್ದು ಹೇಗೆ ಅಂತ ಸ್ವಲ್ಪ ನೋಡಬೇಕು.

ಗೂಗಲ್ ಕಟ್ಟಿದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಸ್ಟ್ಯಾನ್‌ಫರ್ಡ್‌ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಪೇಜ್‌ರ‍್ಯಾಂಕ್ ಅನ್ನುವ ಲೆಕ್ಕ ಕಟ್ಟಿದರು. 1998ರ ಅವರ ಪ್ರಬಂಧದಲ್ಲಿ ಅದರ ವಿವರ ಇದೆ. ಒಬ್ಬ ಓದುಗ ಒಂದು ಪುಟದಲ್ಲಿ ಕಂಡ ಯಾವುದೋ ಲಿಂಕ್ ಒತ್ತಿ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತಾ ಇರುತ್ತಾನೆ ಅಂದುಕೊಳ್ಳಿ. ನಡುನಡುವೆ ಬೇಜಾರಾಗಿ ಸಂಬಂಧವೇ ಇಲ್ಲದ ಪುಟಕ್ಕೆ ಹಾರುತ್ತಾನೆ. ಲಿಂಕ್ ಹಿಡಿದು ಮುಂದೆ ಹೋಗುವ ಸಾಧ್ಯತೆಗೆ ಅವರು ಸಾಮಾನ್ಯವಾಗಿ ಇಟ್ಟ ಬೆಲೆ 0.85. ಹೀಗೆ ಅಲೆಯುವವನು ಯಾವ ಪುಟಕ್ಕೆ ಹೆಚ್ಚು ಸಲ ಬರುತ್ತಾನೋ ಆ ಪುಟದ ತೂಕ ಜಾಸ್ತಿ.

ಇಲ್ಲಿ ನಿಮ್ಮ ಪ್ರಶ್ನೆಗೆ ಬೇಕಾದ ಒಂದು ವಿಷಯ ಇದೆ. ಒಂದು ಪುಟದ ತೂಕ ಅದರಲ್ಲಿರುವ ಲಿಂಕ್‌ಗಳಿಗೆಲ್ಲ ಹಂಚಿಹೋಗುತ್ತದೆ. ಹೆಸರಿರುವ ಪುಟವೊಂದು ಐದೇ ಲಿಂಕ್ ಕೊಟ್ಟು, ಅದರಲ್ಲಿ ಒಂದು ನಿಮ್ಮದಾದರೆ ನಿಮಗೆ ದೊಡ್ಡ ಪಾಲು. ಯಾರೂ ಬಾರದ ಪುಟ ಸಾವಿರ ಸೈಟ್‌ಗಳಿಗೆ ಲಿಂಕ್ ಕೊಟ್ಟರೆ ಒಬ್ಬೊಬ್ಬರಿಗೆ ಸಿಗುವುದು ಪುಡಿ. 2010ರಲ್ಲಿ ಗೂಗಲ್‌ಗೆ ಸಿಕ್ಕ ಒಂದು ಪೇಟೆಂಟ್ ಇನ್ನೂ ಮುಂದೆ ಹೋಗುತ್ತದೆ. ಎಲ್ಲ ಲಿಂಕ್‌ಗಳನ್ನೂ ಜನ ಒಂದೇ ಸಮ ಒತ್ತುವುದಿಲ್ಲ. ಲೇಖನದ ನಡುವೆ, ಬೇಕಾದ ಜಾಗದಲ್ಲಿ ಇರುವ ಲಿಂಕ್ ಒತ್ತುತ್ತಾರೆ. ಪುಟದ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಇರುವುದನ್ನು ಯಾರು ಒತ್ತುತ್ತಾರೆ? ಹಾಗಾಗಿ ಎರಡಕ್ಕೂ ಬೇರೆಬೇರೆ ತೂಕ ಕೊಡಬೇಕು ಅನ್ನುವುದೇ ಅದರ ತಿರುಳು.

ಈಗ ಆ ಸಾವಿರ ಲಿಂಕ್‌ಗೆ ಬರೋಣ. ಅಂಥ ಒಂದು ಪಟ್ಟಿಯನ್ನು ಕೂತು ಒಂದೊಂದಾಗಿ ತೆರೆದು ನೋಡಿದ್ದೇನೆ. ಒಂದು ಪುಟದಲ್ಲಿ ಮೊದಲ ಪ್ಯಾರಾ ಹಲ್ಲುನೋವಿನ ಬಗ್ಗೆ, ಎರಡನೆಯದು ಮನೆ ಸಾಲದ ಬಗ್ಗೆ, ಮೂರನೆಯದು ನಾಯಿಮರಿ ಸಾಕುವ ಬಗ್ಗೆ. ಪ್ರತಿ ಪ್ಯಾರಾದಲ್ಲೂ ಒಂದು ಲಿಂಕ್. ಬರೆದವರ ಹೆಸರಿಲ್ಲ. ಮುಂದಿನ ಪುಟವೂ ಹಾಗೇ, ಅದರ ಮುಂದಿನದೂ ಹಾಗೇ. ಎಲ್ಲ ಕಡೆ ಲಿಂಕ್‌ನ ಅಕ್ಷರಗಳು ಅವವೇ ಮೂರು ಪದ. ಹತ್ತು ಪುಟ ನೋಡುವಷ್ಟರಲ್ಲಿ ನನಗೇ ಗೊತ್ತಾಯಿತು. ಇಡೀ ವೆಬ್ಬನ್ನೇ ಓದುವ ಯಂತ್ರಕ್ಕೆ ಗೊತ್ತಾಗದೇ ಇರುತ್ತಾ?

2012ರ ಏಪ್ರಿಲ್‌ನಲ್ಲಿ ಗೂಗಲ್ ತಂದ ಪೆಂಗ್ವಿನ್ ಅಪ್‌ಡೇಟ್ ಇಂಥ ಸೈಟ್‌ಗಳನ್ನೇ ಕೆಳಗಿಳಿಸಿತು. 2016ರಿಂದ ಪೆಂಗ್ವಿನ್ ಮುಖ್ಯ ಲೆಕ್ಕದೊಳಗೇ ಸೇರಿದೆ. ಈಗ ಅದು ಇಡೀ ಸೈಟನ್ನು ಕೆಳಗೆ ತಳ್ಳುವ ಬದಲು ಕೆಟ್ಟ ಲಿಂಕ್‌ಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2022ರ ಡಿಸೆಂಬರ್‌ನಿಂದ ಕೊಂಡ ಲಿಂಕ್‌ಗಳನ್ನು ಹಿಡಿಯಲು ಸ್ಪ್ಯಾಮ್‌ಬ್ರೇನ್ ಅನ್ನುವ ಎಐ ವ್ಯವಸ್ಥೆಯೂ ಇದೆ. ಅಂದರೆ ಬಹಳಷ್ಟು ಸಲ ನಿಮಗೆ ಆಗುವ ನಷ್ಟ ಕೊಟ್ಟ ದುಡ್ಡು. ಇನ್ನು ಕೆಲವು ಸಲ ಗೂಗಲ್‌ನವರೇ ಕೈಯಾರೆ ಕ್ರಮ ತೆಗೆದುಕೊಳ್ಳುತ್ತಾರೆ. ಆಗ ಸೈಟ್ ನಡೆಸುವವರಿಗೆ ಅಂತ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ನೋಟಿಸ್ ಬರುತ್ತದೆ. 2011ರಲ್ಲಿ ಅಮೆರಿಕದ ಜೆ.ಸಿ. ಪೆನ್ನಿ ಕಂಪನಿಗೆ ಆದದ್ದು ಇದೇ. ಸಂಬಂಧವಿಲ್ಲದ ಎಷ್ಟೋ ಸೈಟ್‌ಗಳಲ್ಲಿ ಅದರ ಲಿಂಕ್ ಇರುವುದನ್ನು ನ್ಯೂಯಾರ್ಕ್ ಟೈಮ್ಸ್ ಬಯಲಿಗೆ ತಂದಿತು. ಆ ಲಿಂಕ್‌ಗಳಿಗೆ ತಾನು ಒಪ್ಪಿಗೆ ಕೊಟ್ಟಿರಲಿಲ್ಲ ಅಂತ ಕಂಪನಿ ಹೇಳಿತು. ಆದರೂ ಹುಡುಕಾಟದಲ್ಲಿ ಕೆಳಗೆ ಬಿದ್ದದ್ದು ಅದರ ಸೈಟೇ. ಹಾಕಿಸಿಕೊಡುತ್ತೇವೆ ಅಂತ ಮೇಲ್ ಮಾಡಿದವರಿಗೆ ಏನೂ ಆಗುವುದಿಲ್ಲ, ಆಗುವುದು ನಿಮಗೆ.

ಹಾಗಾದರೆ ಏನು ಮಾಡಬೇಕು? ಮೊದಲು ಲಿಂಕ್ ಕೊಡುವವರ ಜಾಗದಲ್ಲಿ ನಿಂತು ನೋಡಿ. ಅವರು ಏನೋ ಬರೆಯುತ್ತಿರುತ್ತಾರೆ. ನಡುವೆ ಒಂದು ಕಡೆ 'ಇದನ್ನು ನಾನು ವಿವರಿಸುತ್ತಾ ಕೂರುವುದಕ್ಕಿಂತ ಆ ಪುಟ ತೋರಿಸಿದರೆ ಸಾಕು' ಅನ್ನಿಸುತ್ತದೆ. ಲಿಂಕ್ ಹುಟ್ಟುವುದು ಆ ಗಳಿಗೆಯಲ್ಲಿ. ನಿಮ್ಮ ನಲವತ್ತು ಲೇಖನಗಳಲ್ಲಿ ಅಂಥ ಪುಟ ಯಾವುದು? 'ಸೈಕಲ್ ಚೆನ್ನಾಗಿಟ್ಟುಕೊಳ್ಳಲು ಹತ್ತು ಸಲಹೆ' ಅಂತೂ ಅಲ್ಲ. ಅಂಥದ್ದು ಎಲ್ಲರ ಹತ್ತಿರವೂ ಇದೆ.

ಚೈನ್ ಸವೆದಿದೆಯಾ ಅಂತ ನೋಡುವುದನ್ನೇ ತೆಗೆದುಕೊಳ್ಳಿ. ಹೊಸ ಚೈನ್‌ನಲ್ಲಿ ಒಂದು ಪಿನ್ನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. 24 ಕೊಂಡಿ ಅಳೆದರೆ ಸರಿಯಾಗಿ 12 ಇಂಚು ಇರಬೇಕು. ಅದು ಇಂಚಿನ ಹದಿನಾರನೇ ಒಂದು ಭಾಗದಷ್ಟು ಉದ್ದವಾಗಿದ್ದರೆ ಚೈನ್ ಬದಲಾಯಿಸುವ ಹೊತ್ತು ಬಂತು. ಇದನ್ನು ಸುಮ್ನೆ ಎರಡು ಸಾಲಿನಲ್ಲಿ ಬರೆದು ಬಿಡಬೇಡಿ. ಸ್ಕೇಲನ್ನು ಪಿನ್ನಿನ ಮಧ್ಯಕ್ಕೆ ಇಟ್ಟ ಫೋಟೋ ಹತ್ತಿರದಿಂದ ತೆಗೆಯಿರಿ. ಹೊಸ ಚೈನ್, ಅರ್ಧ ಸವೆದದ್ದು, ಪೂರ್ತಿ ಸವೆದದ್ದು ಮೂರನ್ನೂ ಪಕ್ಕಪಕ್ಕ ತೋರಿಸಿ. ಸವೆದ ಚೈನ್ ಹಲ್ಲುಚಕ್ರವನ್ನು ಹೇಗೆ ತಿಂದುಹಾಕುತ್ತದೆ ಅನ್ನುವುದನ್ನೂ ಹಾಕಿ. ಇಂಥ ಒಂದು ಪುಟ ನಿಮ್ಮ ಉಳಿದ ಮೂವತ್ತೊಂಬತ್ತಕ್ಕಿಂತ ಜಾಸ್ತಿ ಲಿಂಕ್ ತರಬಲ್ಲದು. ಅಲ್ಲಿಂದ ನಿಮ್ಮದೇ ಬೇರೆ ಲೇಖನಗಳಿಗೆ ಲಿಂಕ್ ಕೊಟ್ಟರೆ ಬಂದ ತೂಕದಲ್ಲಿ ಅವಕ್ಕೂ ಪಾಲು ಸಿಗುತ್ತದೆ.

ಪುಟ ಮಾಡಿ ಸುಮ್ಮನೆ ಕೂತರೆ ಮಾತ್ರ ಆಗಲ್ಲ. ಅದು ಇದೆ ಅಂತ ಯಾರಿಗಾದರೂ ಗೊತ್ತಾಗಬೇಕು ಅಲ್ವಾ? ಸೈಕಲ್ ಬಗ್ಗೆ ನಿಜವಾಗಿ ಬರೆಯುವವರನ್ನು ಹುಡುಕಿ, ಅವರ ಪುಟ ಪೂರ್ತಿ ಓದಿ, ಆಮೇಲೆ ಬರೆಯಿರಿ. ಇಷ್ಟು ಸಾಕು: 'ಗೇರ್ ಹೊಂದಿಸುವ ಬಗ್ಗೆ ನೀವು ಬರೆದದ್ದು ಓದಿದೆ. ಚೈನ್ ಸವೆತಕ್ಕೆ ನೀವು ಕೊಟ್ಟಿರುವ ಲಿಂಕ್ ಈಗ ತೆರೆಯುತ್ತಿಲ್ಲ. ಅದೇ ವಿಷಯ ನಾನು ಫೋಟೋ ಸಮೇತ ಬರೆದಿದ್ದೇನೆ. ಸರಿ ಅನ್ನಿಸಿದರೆ ಬಳಸಿಕೊಳ್ಳಿ.' ಸತ್ತ ಲಿಂಕ್ ತೋರಿಸಿಕೊಟ್ಟದ್ದು ಅವರಿಗೂ ಉಪಕಾರ. ಒಂದೇ ಪತ್ರವನ್ನು ಇನ್ನೂರು ಜನಕ್ಕೆ ಕಳಿಸಬೇಡಿ. ಹತ್ತು ಜನಕ್ಕೆ ಹತ್ತು ಬೇರೆ ಪತ್ರ ಬರೆಯಿರಿ. ಇಬ್ಬರು ಉತ್ತರ ಕೊಟ್ಟರೂ ಖುಷಿಪಡಿ. ಯಾರಾದರೂ ನಿಮ್ಮ ಸೈಟಿನ ಹೆಸರು ಬರೆದು ಲಿಂಕ್ ಹಾಕದೇ ಬಿಟ್ಟಿದ್ದರೆ ಅವರನ್ನೂ ಕೇಳಿ. ಅವರಿಗೆ ನಿಮ್ಮ ಪರಿಚಯ ಆಗಲೇ ಇದೆ, ಕೇಳುವುದು ಸುಲಭ.

ಲಿಂಕ್‌ನಲ್ಲಿ ಯಾವ ಪದ ಇರಬೇಕು ಅಂತ ಮಾತ್ರ ಹೇಳಲು ಹೋಗಬೇಡಿ. ಒಬ್ಬರು 'ಈ ಫೋಟೋಗಳು' ಅಂತ ಹಾಕುತ್ತಾರೆ, ಇನ್ನೊಬ್ಬರು ನಿಮ್ಮ ಸೈಟಿನ ಹೆಸರು ಹಾಕುತ್ತಾರೆ. ಹಾಗಿದ್ದರೇ ಸಹಜ. 'ಇದಕ್ಕೆ ತೂಕ ಕೊಡಬೇಡಿ' ಅಂತ ಹುಡುಕು ಯಂತ್ರಕ್ಕೆ ಹೇಳುವ ನೋಫಾಲೋ ಗುರುತಿರುವ ಲಿಂಕ್ ಬಂದರೂ ಬೇಜಾರು ಬೇಡ. 2005ರಲ್ಲಿ ಬಂದ ಆ ಗುರುತನ್ನು ಗೂಗಲ್ 2019ರಿಂದ ಬರೀ ಒಂದು ಸುಳಿವಾಗಿ ನೋಡುತ್ತದೆ. ಅದರ ಮೂಲಕ ಓದುಗರಂತೂ ಬಂದೇ ಬರುತ್ತಾರೆ. ಸೈಟಿನ ಬಲ ಇಷ್ಟು ಅಂತ ತೋರಿಸುವ ಡೊಮೈನ್ ಅಥಾರಿಟಿ ಅನ್ನುವ ಅಂಕಿ ಬೇರೆ ಕಂಪನಿಯ ಅಂದಾಜು, ಅದನ್ನು ಗೂಗಲ್ ಬಳಸುವುದಿಲ್ಲ. ಅದರ ಬದಲು ಲಿಂಕ್ ಕೊಡುವ ಪುಟದ ಓದುಗರು ಯಾರು, ವಿಷಯ ನಿಮ್ಮದೇನಾ ಅಂತ ನೋಡಿ.

ಇನ್ನೊಂದು ಮಾತು. ನಿಮ್ಮ ಸೈಟ್ ಹಿಂದೆ ಬೀಳಲು ಲಿಂಕ್ ಒಂದೇ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಪುಟ ಎಷ್ಟು ಮೇಲೆ ಬರಬೇಕು ಅಂತ ತೀರ್ಮಾನಿಸುವ ಮೊದಲ ಮೂರು ಅಂಶಗಳಲ್ಲಿ ಲಿಂಕ್ ಈಗ ಇಲ್ಲ ಅಂತ ಗೂಗಲ್‌ನ ಗ್ಯಾರಿ ಇಲ್ಯಸ್ 2023ರಲ್ಲೇ ಹೇಳಿದ್ದರು. ಆದ್ದರಿಂದ ಇವತ್ತು ಸರ್ಚ್ ಕನ್ಸೋಲ್ ತೆರೆದು ನಲವತ್ತೂ ಪುಟ ಇಂಡೆಕ್ಸ್ ಆಗಿವೆಯಾ, ಅಂದರೆ ಗೂಗಲ್‌ನ ಪಟ್ಟಿಗೆ ಸೇರಿವೆಯಾ ನೋಡಿ. ಆಮೇಲೆ ಅಲ್ಲೇ ಲಿಂಕ್ಸ್ ವರದಿ ನೋಡಿ. ಯಾರು ನಿಮ್ಮ ಯಾವ ಪುಟಕ್ಕೆ ಲಿಂಕ್ ಕೊಟ್ಟಿದ್ದಾರೆ ಅಂತ ಅದರಲ್ಲಿರುತ್ತದೆ. ಅವುಗಳಲ್ಲಿ ನೀವು ವಿಳಾಸ ಬದಲಿಸಿದ ಹಳೆಯ ಪುಟ ಇದ್ದರೆ, ಒತ್ತಿದವರಿಗೆ 'ಪುಟ ಸಿಗಲಿಲ್ಲ' ಅನ್ನುವ 404 ಕಾಣುತ್ತಿರಬಹುದು. ಬಂದವರನ್ನು ಅಲ್ಲಿಂದ ತಾನಾಗಿಯೇ ಹೊಸ ವಿಳಾಸಕ್ಕೆ ಕಳಿಸುವ 301 ರೀಡೈರೆಕ್ಟ್ ಹಾಕಿ. ಯಾರೋ ಮನಸಾರೆ ಕೊಟ್ಟ ಲಿಂಕ್ ಅದು, ಕೆಲಸ ಅರ್ಧ ಗಂಟೆಯದು.